ಪಾರ್ವತಿನಗರದ ಬಾಗಿಲು

ಸೋಮವಾರ ಬೆಳಿಗ್ಗೆ ಭೀಮರಾಜ ಬಳ್ಳಾರಿಯ ಠಾಣೆಗೆ ಬಂದು ದೂರು ಕೊಟ್ಟ. ಅವನು ಖಾಸಗಿ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ರಾರಾವಿಯ ತಾಯಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಪಾರ್ವತಿನಗರದ ಅವನ ಮನೆಯ ಹಿಂದಿನ ಕೋಣೆಯ ಬಾಗಿಲು, ಕಿಟಕಿ ಹೋಗಿದ್ದವು. ಗೋಡೆಯೂ ಇರಲಿಲ್ಲ.

"ಯಾರ ಮ್ಯಾಲ ಅನುಮಾನ?" ಇನ್‌ಸ್ಪೆಕ್ಟರ್ ಹೇಮಾ ಕೇಳಿದರು.

"ನಂದಿನಿ ಮ್ಯಾಲ ರೀ. ಆರು ವರ್ಷ ಕೂಡಿ ಇದ್ವಿ. ಹೋದ ತಿಂಗಳು ಬ್ಯಾರೆ ಆದ್ವಿ. ಮನಿಯಾಗ ಪಾಲು ಕೇಳಾಕತ್ತಿದ್ಲು."

"ಮದುವಿ?"

"ಆಗಿಲ್ಲ. ಮನಿ ನನ್ನ ಹೆಸರಿಲೆ ಐತಿ."

ಕಳವು ಮತ್ತು ಆಸ್ತಿ ನಷ್ಟದ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಂಚನಾಮೆ. ಗೋಡೆಯನ್ನು ಒಡೆದಿರಲಿಲ್ಲ, ಬಿಚ್ಚಿದ್ದರು. ಬಿಟ್ಟುಹೋದ ಇಟ್ಟಿಗೆಗಳನ್ನೂ ಸಿಮೆಂಟ್ ಕೆರೆದು ಜೋಡಿಸಿಟ್ಟಿದ್ದರು.

"ಗೋಡಿ ಕಟ್ಟೋ ಗೌಂಡಿ ಕೈ ಮೇಡಂ ಇದು," ಎಂದ ಹೆಡ್ ಕಾನ್‌ಸ್ಟೆಬಲ್ ಕರಿಬಸವ.

ಎದುರು ಮನೆಯ ಹಂಪಕ್ಕ ಏನೂ ಮುಚ್ಚಿಡಲಿಲ್ಲ. "ಹಾಡಹಗಲಾಗ ಟೆಂಪೋದಾಗ ಹಾಕ್ಕೊಂಡು ಹೋದ ರೀ. ಹೊನ್ನೂರಸ್ವಾಮಿ, ನಂದಿನಿ ಅಣ್ಣ. ಆ ಕೋಣಿ ಕಟ್ಟಿದವನೂ ಅವನ. ರಿಪೇರಿ ಇರಬೇಕು ಅಂದ್ಕೊಂಡ್ವಿ."

ನಂದಿನಿ ಕುರುಗೋಡಿನ ಶಾಲೆಯೊಂದರಲ್ಲಿ ಶಿಕ್ಷಕಿ. ಈಗ ಅಲ್ಲೇ ಗೆಳತಿಯ ಬಾಡಿಗೆ ಕೋಣೆಯಲ್ಲಿದ್ದಳು. ವಿಚಾರಣೆಯಲ್ಲಿ ಅವಳು ದನಿ ಏರಿಸಲಿಲ್ಲ, ಅಳಲೂ ಇಲ್ಲ.

"ನಿಮ್ಮಣ್ಣಗ ನೀವು ಹೇಳಿದ್ರಾ?"

"ಇಲ್ಲ ರೀ. ಆ ಕೋಣಿ ನನ್ನ ಪಗಾರದಾಗ ಕಟ್ಟಿಸಿದ್ದು. ನನ್ನ ಹೆಸರಿಲೆ ಏನೂ ಇಲ್ಲ."

"ಅದನ್ನ ಸಿವಿಲ್ ಕೋರ್ಟಿನಾಗ ಕೇಳಬೇಕಮ್ಮಾ. ಬಾದನಹಟ್ಟಿಯಾಗ ತವರು ಐತಲ್ಲ, ಅಲ್ಲಿಗೆ ಯಾಕ ಹೋಗಲಿಲ್ಲ?"

"ಹೋಗಿದ್ದೆ. ತಾಳಿ ಇಲ್ಲದ ಬಾಳೇವು ಮಾಡಿದಾಕಿ ಒಳಗ ಬರಬ್ಯಾಡ ಅಂದ್ರು ಅಪ್ಪ."

ಮರುದಿನ ಬಾದನಹಟ್ಟಿ. ತಂದೆ ಮಾರೆಣ್ಣನ ಮನೆಯೆದುರು ತನ್ನ ಪಾಲಿನ ಜಾಗದಲ್ಲಿ ಹೊನ್ನೂರಸ್ವಾಮಿ ಗೋಡೆ ಎತ್ತುತ್ತಿದ್ದ. ಸೊಂಟದೆತ್ತರ ಬಂದಿತ್ತು. ಬಾಗಿಲು ನಿಲ್ಲಿಸಿಯಾಗಿತ್ತು. ಪೊಲೀಸರನ್ನು ಕಂಡು ಅವನು ಓಡಲಿಲ್ಲ, ಕರಣೆ ತೊಳೆದಿಟ್ಟ.

"ಈ ಬಾಗಿಲು, ಇಟ್ಟಿಗಿ ನೀನ ತಂದಿದ್ದಾ?" ಹೇಮಾ ಕೇಳಿದರು.

"ಹೌದ್ರಿ."

"ಯಾಕ?"

"ಎರಡೂ ಮನಿಯವರು ಕೂತು ಕಾಟು, ಫ್ರಿಜ್ಜು, ಗ್ಯಾಸು ಎಲ್ಲಾ ಹಂಚಿದ್ರು. ತಂಗಿ ಎಲ್ಲಿರಬೇಕು ಅಂತ ಯಾರೂ ಕೇಳಲಿಲ್ಲ. ಅಪ್ಪನ ಮುಂದ ಮಾತಾಡಾಕ ನನಗ ಬರಂಗಿಲ್ಲ ರೀ. ಕಟ್ಟಾಕ ಬರತೈತಿ."

ಮಾಲು ಜಪ್ತಿ ಮಾಡಲು ಕಟ್ಟಿದ್ದನ್ನು ಮತ್ತೆ ಬಿಚ್ಚಬೇಕಾಯಿತು. ಆ ಕೆಲಸವನ್ನೂ ಹೊನ್ನೂರಸ್ವಾಮಿಯೇ ಮಾಡಿದ.

ಬಂಧನದ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕಿತ್ತು. ಮಾರೆಣ್ಣ ತನ್ನ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ. ಸುದ್ದಿ ತಿಳಿದು ಬಂದಿದ್ದ ನಂದಿನಿ ಪೆನ್ನು ಈಸಿಕೊಂಡು, ಸಂಬಂಧ ಎಂದಿದ್ದ ಕಡೆ 'ತಂಗಿ' ಎಂದು ಬರೆದಳು.

ಜೀಪು ಹೋಯಿತು. ಕುರುಗೋಡಿನ ಬಸ್ಸು ಬಂದು ಹೋದಾಗಲೂ ಅವಳು ಗೋಡೆ ಬಿಚ್ಚಿ ಉಳಿದಿದ್ದ ಪಾಯದ ಮೇಲೆ ಕೂತೇ ಇದ್ದಳು.