ಬಾಗಿಲ ಮುಂದೆ ಇಟ್ಟು ಹೋದ ಹೂವು

"ಬಾಗಿಲು ತೆಗೀರಿ! ಯಾರಾದ್ರೂ ಇದ್ದೀರಾ? ದಯವಿಟ್ಟು...!"

ಭಾನುವಾರದ ಬೆಳಿಗ್ಗೆ. ವಿರ್ವೆ ಎದುರು ಮನೆಯ ಬಾಗಿಲನ್ನು ಅಂಗೈಯಲ್ಲಿ ದಬದಬ ಬಡಿಯುತ್ತಿದ್ದಳು. ಇನ್ನೊಂದು ತೋಳಿನಲ್ಲಿ ಟವೆಲ್ ಸುತ್ತಿದ ಬೆಕ್ಕು. ಅದರ ಕುತ್ತಿಗೆ ನಿಲ್ಲುತ್ತಿರಲಿಲ್ಲ.

ಬಾಗಿಲು ತೆರೆಯಿತು. ಸ್ನಾನದ ನಿಲುವಂಗಿ ತೊಟ್ಟು, ಕೂದಲು ಕೆದರಿಕೊಂಡು ಸಕಾರಿ ನಿಂತಿದ್ದ. ಎರಡು ವರ್ಷದಿಂದ ಎದುರುಬದುರು ಮನೆ. ಇಷ್ಟು ಹತ್ತಿರದಿಂದ ಅವನ ಮುಖ ನೋಡಿದ್ದು ಇದೇ ಮೊದಲು!

"ನಿಮ್ಮ ಹತ್ರ ಕಾರಿದೆ ಅಲ್ವಾ? ಟ್ಯಾಕ್ಸಿಯವರು ಫೋನ್ ಎತ್ತುತ್ತಿಲ್ಲ... ಪುಲ್ಲ... ನನ್ನ ಪುಲ್ಲ ಕಣ್ಣೇ ಬಿಡ್ತಿಲ್ಲ..."

ಅವನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನಿಲುವಂಗಿಯ ಮೇಲೇ ಕೋಟು ಏರಿಸಿ, ಬರಿಗಾಲನ್ನು ಬೂಟಿಗೆ ತುರುಕಿ, ಕೀಲಿಕೈ ಎತ್ತಿಕೊಂಡ.

"ನಡೀರಿ."

ಇವನೇನಾ ಆ ಮನುಷ್ಯ? ವಿರ್ವೆಗೆ ನಂಬಲಾಗಲಿಲ್ಲ. ಅವಳು ಹೊರಗೆ ಬಂದರೆ ಸಾಕು, ಅರ್ಧ ತೆರೆದಿದ್ದ ಅವನ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಕುವೋಪಿಯೊ ಊರಿನಲ್ಲಿ ಇದೇನೂ ಹೊಸದಲ್ಲ ಬಿಡಿ. ಪಕ್ಕದ ಮನೆಯವರು ಎದುರಾಗಿ, ಪಾಪ, ಅವರಿಗೆ ನಾಲ್ಕು ಮಾತಾಡುವ ಕಷ್ಟ ಬರಬಾರದೆಂದು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವ ಜನ ನಾವು. ಅದಕ್ಕೆ ಮರ್ಯಾದೆ ಅಂತ ಹೆಸರು ಬೇರೆ! ಆದರೆ ಒಂಟಿಯಾಗಿರುವ ಹೆಂಗಸಿಗೆ, ದಿನವೂ ಮುಚ್ಚಿಕೊಳ್ಳುವ ಬಾಗಿಲು ಮರ್ಯಾದೆಯ ಹಾಗೆ ಕಾಣುವುದಿಲ್ಲ. 'ಇವನಿಗೆ ನನ್ನ ಕಂಡರೆ ಆಗಲ್ಲ' ಅಂತ ಅವಳು ಎಂದೋ ತೀರ್ಮಾನಿಸಿದ್ದಳು.

ಕಾರು ಸರೋವರದ ದಂಡೆಯ ರಸ್ತೆ ಹಿಡಿಯಿತು.

"ಏನಾಯ್ತು? ಏನಾದ್ರೂ ತಿಂದ್ಲಾ?" ಸಕಾರಿ ಕೇಳಿದ.

"ತಿಂದಿಲ್ಲ, ಕುಡಿದಿದ್ದಾಳೆ. ಕಿಯೆಲೊ ಹೂ ಇಟ್ಟಿದ್ದ ಲೋಟದ ನೀರು. ನಿನ್ನೆ ಸಂಜೆ ಯಾರೋ ನನ್ನ ಬಾಗಿಲ ಮುಂದೆ ಒಂದು ಹಿಡಿ ಹೂ ಇಟ್ಟು ಹೋಗಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಲೋಟ ಉರುಳಿದೆ... ಎಲ್ಲೆಲ್ಲೂ ವಾಂತಿ..."

ಕಾರು ಒಮ್ಮೆ ಪಕ್ಕಕ್ಕೆ ಎಳೆದು ಮತ್ತೆ ನೇರವಾಯಿತು. ಸಕಾರಿಯ ಮುಖ ಬಿಳಿಚಿಕೊಂಡಿತ್ತು. ವಿರ್ವೆ ಅದನ್ನು ನೋಡಲಿಲ್ಲ. ಅವಳ ಕಣ್ಣು ಬೆಕ್ಕಿನ ಹೊಟ್ಟೆಯ ಮೇಲೇ ಇತ್ತು. ಏಳುತ್ತಿದೆಯಾ...? ಇಳಿಯುತ್ತಿದೆಯಾ...?

ಜೂನ್ ಬಂತೆಂದರೆ ಮರಗಳ ಕೆಳಗೆಲ್ಲ ಅರಳುವ ಆ ಬಿಳಿಯ ಕಿಯೆಲೊ ಹೂವು ವಿಷ ಅಂತ ನಮ್ಮಲ್ಲಿ ಶಾಲೆ ಮೆಟ್ಟಿಲು ಹತ್ತದ ಮಗುವಿಗೂ ಗೊತ್ತು. ವಿರ್ವೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ವಾರವೆಲ್ಲ ಅವಳ ತಲೆಯಲ್ಲಿ ಇದ್ದದ್ದು ಒಂದೇ. ಎಡ ಎದೆಯಲ್ಲಿ ಕೈಗೆ ಸಿಕ್ಕ ಗಂಟು. ಆಸ್ಪತ್ರೆಯವರು ಸೂಜಿ ಚುಚ್ಚಿ ಅದರ ಚೂರು ತೆಗೆದಿದ್ದರು. ಏನೆಂದು ಸೋಮವಾರ ಬೆಳಿಗ್ಗೆ ಡಾಕ್ಟರ್ ಫೋನಿನಲ್ಲಿ ಹೇಳುತ್ತಾರೆ.

'ನನ್ನ ಗಂಟಿನ ಚಿಂತೆಯಲ್ಲಿ ನಿನ್ನ ಮರೆತುಬಿಟ್ಟೆನಲ್ಲೇ... ಅಯ್ಯೋ, ನಾನೇ ನಿನ್ನ ಕೊಂದೆನಾ?'

ಪ್ರಾಣಿಗಳ ಆಸ್ಪತ್ರೆಯಲ್ಲಿ ಪುಲ್ಲಳನ್ನು ಒಳಗೆ ಎತ್ತಿಕೊಂಡು ಹೋದರು. ಬಹಳ ಹೊತ್ತಿನ ಮೇಲೆ ವೈದ್ಯೆ ಹೊರಗೆ ಬಂದಳು.

"ಎದೆಬಡಿತ ತುಂಬಾ ನಿಧಾನ ಆಗಿದೆ. ನಡುನಡುವೆ ತಪ್ಪುತ್ತಿದೆ. ಔಷಧಿ ಕೊಟ್ಟು ಡ್ರಿಪ್ ಹಾಕಿದ್ದೀವಿ. ನಾಳೆ ತನಕ ಇಲ್ಲೇ ಇರ್ಲಿ."

"ಉಳೀತಾಳಾ?"

"ಈಗ್ಲೇ ಏನೂ ಹೇಳೋಕಾಗಲ್ಲ. ನಾಳೆ ನಾವೇ ಫೋನ್ ಮಾಡ್ತೀವಿ."

ಮತ್ತೊಂದು ಫೋನ್! ವಿರ್ವೆ ಕುರ್ಚಿಯ ಮೇಲೆ ಕುಸಿದಳು. ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದದ್ದೆಲ್ಲ, ನಿಲುವಂಗಿಯಲ್ಲಿ ಕೂತ ಆ ಅಪರಿಚಿತನ ಮುಂದೆ ತಾನಾಗಿ ಹೊರಬಂತು. ಗಂಟು, ಸೂಜಿ, ನಿದ್ದೆಗೆಟ್ಟ ರಾತ್ರಿಗಳು...

"ರಾತ್ರಿ ಎದ್ದು ಕೂತಾಗೆಲ್ಲ ಅವಳು ಬಂದು ಮಡಿಲಲ್ಲಿ ಮಲಗೋಳು. ಅವಳೂ ಹೋದ್ರೆ ನಾಳೆ ಆ ಫೋನ್ ಬಂದಾಗ ನನ್ನ ಜೊತೆ ಯಾರಿರ್ತಾರೆ, ಹೇಳಿ? ಆ ಹೂ ಇಟ್ಟೋರು ಯಾರು ಅಂತ ಒಂದು ಸಲ ಗೊತ್ತಾಗ್ಲಿ..."

"ನಾನು."

"ಏನು?"

"ಆ ಹೂ ಇಟ್ಟಿದ್ದು ನಾನು." ಸಕಾರಿ ನೆಲ ನೋಡುತ್ತಿದ್ದ.

ಅವಳ ಮೈಯೆಲ್ಲ ಉರಿಯಿತು.

"ನೀನಾ?! ನನ್ನ ಬೆಕ್ಕು ಕಿಟಕೀಲಿ ಕೂತಿರೋದು ಬೀದಿಗೆಲ್ಲಾ ಗೊತ್ತು! ಒಂದು ಬೆಲ್ ಒತ್ತಿ ಕೈಗೆ ಕೊಡೋಕೆ ಏನಾಗಿತ್ತು? ಕೈಗೆ ಕೊಟ್ಟಿದ್ರೆ ಬೆಕ್ಕಿದೆ, ಬೇಡ ಅಂತಿದ್ದೆ! ಕಳ್ಳನ ಹಾಗೆ ಇಟ್ಟು ಓಡಿಹೋಗೋದಾ?"

"ತಪ್ಪಾಯ್ತು..."

"ಹೋಗು. ನನ್ನ ಕಣ್ಣ ಮುಂದೆ ಇರಬೇಡ. ಹೋಗು!"

ಅವನು ಹೋದ. ಅವಳು ಬಸ್ಸಿನಲ್ಲಿ ಮನೆಗೆ ಬಂದು, ಪುಲ್ಲಳ ನೀರಿನ ಬಟ್ಟಲನ್ನು ತೊಳೆದು, ಮತ್ತೆ ತುಂಬಿಸಿಟ್ಟಳು. ಯಾಕೆ ತುಂಬಿಸಿದಳೋ ಅವಳಿಗೇ ತಿಳಿಯಲಿಲ್ಲ.

ಸೋಮವಾರ. ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ರಜೆ ಹೇಳಿದ್ದಳು. ಮೇಜಿನ ಮೇಲೆ ಫೋನ್. ಕಾಫಿ ಆರಿಹೋಗಿತ್ತು. ಫೋನಿನ ಕಡೆ ನೋಡಿದರೆ ಭಯ, ಬೇರೆ ಕಡೆ ನೋಡಿದರೆ ಇನ್ನೂ ಭಯ! ಕೈ ತಾನಾಗಿ ಎಡ ಎದೆಗೆ ಹೋಗುತ್ತಿತ್ತು, ಬೆಂಕಿ ಮುಟ್ಟಿದ ಹಾಗೆ ಹಿಂದೆ ಬರುತ್ತಿತ್ತು. ಮನೆಯೊಳಗೆ ಗಾಳಿಯೇ ಇಲ್ಲವೆನಿಸಿ ಬಾಗಿಲು ತೆರೆದಳು.

ಮೆಟ್ಟಿಲ ಮೇಲೆ ಸಕಾರಿ ಕೂತಿದ್ದ. ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು ಅವನು, ಈಗ ಬೇಸಿಗೆ ರಜೆ. ಗಡ್ಡ ಬೋಳಿಸಿರಲಿಲ್ಲ. ಕಣ್ಣು ನೋಡಿದರೆ ಅವನೂ ಮಲಗಿರಲಿಲ್ಲ.

"ಇಲ್ಲೇನು ಮಾಡ್ತಿದ್ದೀಯ?"

"ಫೋನ್ ಬಂದಾಗ ಜೊತೆಗೆ ಯಾರಿರ್ತಾರೆ ಅಂದ್ರಲ್ಲ..." ಅವನು ತಡವರಿಸಿದ. "ಒಳಗೆ ಬರಲ್ಲ. ಇಲ್ಲೇ ಕೂತಿರ್ತೀನಿ. ಬೇಡ ಅಂದ್ರೆ ಕೆಳಗಿನ ಮಹಡೀಲಿ ಕೂತ್ಕೋತೀನಿ."

ಬಯ್ಯಬೇಕೆಂದು ಬಾಯಿ ತೆರೆದವಳು ಬೇರೆಯೇ ಕೇಳಿದಳು.

"ಆ ಹೂ... ಯಾಕೆ ಇಟ್ಟೆ?"

ಅವನು ಮೆಟ್ಟಿಲ ಅಂಚನ್ನು ಉಗುರಿನಿಂದ ಕೆರೆದ.

"ಶನಿವಾರ ಕೆಳಗಡೆ ಸೌನಾದಲ್ಲಿ ನಿಮ್ಮ ಸರದಿ ಆದ್ಮೇಲೆ ನಂದು. ಟವೆಲ್ ತಗೊಂಡು ಇಳಿದು ಬಂದೆ. ನಿಮ್ಮ ಹೊತ್ತು ಮುಗಿದಿತ್ತು. ಬಟ್ಟೆ ಬದಲಿಸೋ ಕೋಣೇಲಿ ನೀವು ಅಳ್ತಿದ್ದದ್ದು ಕೇಳಿಸ್ತು. ವಾಪಸ್ ಹೋದೆ."

"ವಾಪಸ್ಸಾ? ಸೌನಾ ಮಾಡ್ದೆ?"

"ಹೂಂ. ಅದರ ಹಿಂದಿನ ಶನಿವಾರಾನೂ. ಈ ಸಲ ತಡೆಯೋಕಾಗ್ಲಿಲ್ಲ, ಕೈಗೆ ಸಿಕ್ಕ ಹೂ ಕಿತ್ತು ತಂದಿಟ್ಟೆ. ಬೆಕ್ಕಿನ ನೆನಪೇ ಆಗ್ಲಿಲ್ಲ."

ಹೌದು, ಆ ಎರಡು ಸಂಜೆಯೂ ಅತ್ತು ಅತ್ತು ವಿರ್ವೆಗೆ ಹೊತ್ತು ಹೋದದ್ದೇ ತಿಳಿದಿರಲಿಲ್ಲ. ಮುಂದಿನ ಸರದಿಯವರು ಬಾಗಿಲು ತಟ್ಟಿ ರೇಗುತ್ತಾರೆ ಎಂದು ಹೆದರಿದ್ದಳು. ಯಾರೂ ತಟ್ಟಿರಲಿಲ್ಲ. ನಮ್ಮ ಊರಿನ ಗಂಡಸು ಬೇರೇನು ಬೇಕಾದರೂ ಬಿಟ್ಟುಕೊಟ್ಟಾನು, ಶನಿವಾರದ ಸೌನಾದ ಹಬೆಸ್ನಾನದ ಸರದಿ ಬಿಡುತ್ತಾನೆಯೇ? ಇವನು ಎರಡು ಶನಿವಾರ ಬಿಟ್ಟಿದ್ದ. ಬಿಟ್ಟು, ಹೇಳದೆ ಸುಮ್ಮನಿದ್ದ.

"ಒಂದು ಮಾತು ಕೇಳಬಹುದಿತ್ತಲ್ಲ, ಯಾಕೆ ಅಳ್ತಿದ್ದೀಯ ಅಂತ?"

"ಕೇಳಿದ್ರೆ ನಿಮಗೆ ಮುಜುಗರ ಆಗುತ್ತೆ ಅಂದ್ಕೊಂಡೆ."

"ನನ್ನ ಕಂಡು ದಿನಾ ಬಾಗಿಲು ಹಾಕ್ಕೋತಿದ್ದದ್ದು?"

"ಅದೂ ಅದಕ್ಕೇ..." ಅವನ ಕಿವಿ ಕೆಂಪಾಯಿತು. "ನೀವು ಹೊರಡೋವಾಗ ಬಾಗಿಲಲ್ಲಿ ನಿಂತು ಆ ಬೆಕ್ಕಿನ ಜೊತೆ ಮಾತಾಡೋದು ಕೇಳಿಸ್ತಿತ್ತು. ಬಾಗಿಲ ಹಿಂದೆ ನಿಂತ್ಕೊಂಡು ಕೇಳ್ತಿದ್ದೆ. ನಿಜ ಹೇಳ್ಲಾ? ಅವಳ ಮೇಲೆ ಹೊಟ್ಟೆಕಿಚ್ಚಾಗ್ತಿತ್ತು ನಂಗೆ. ಈಗ ನನ್ನ ಕೈಯಿಂದಲೇ ಅವಳಿಗೆ..."

ಮಾತು ಮುಗಿಸಲಾಗದೆ ಅಂಗೈಯಿಂದ ಕಣ್ಣು ಒತ್ತಿಕೊಂಡ. ಅವನ ಭುಜ ಅಲುಗುತ್ತಿತ್ತು. ನಿನ್ನೆ ಇಡೀ ದಿನ ದ್ವೇಷಿಸಿದ್ದ ಆ ಮನುಷ್ಯನನ್ನು ನೋಡುತ್ತಾ ವಿರ್ವೆಯ ಕೋಪ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಒಳಗೆ ಫೋನ್ ಹೊಡೆದುಕೊಂಡಿತು!

ಆಸ್ಪತ್ರೆಯೋ? ಪುಲ್ಲಳ ವೈದ್ಯೆಯೋ? ಯಾರ ಸುದ್ದಿ... ಅವಳದೋ, ನನ್ನದೋ?

"ನಂಗೆ ಆಗಲ್ಲ... ಸಕಾರಿ, ನಂಗೆ ಆಗಲ್ಲ..."

ಅವನ ತೋಳು ಹಿಡಿದು ಒಳಗೆ ಎಳೆದುಕೊಂಡೇ ಹೋದಳು. ಫೋನ್ ಎತ್ತಿದಳು. ಆಸ್ಪತ್ರೆ.

ಅವಳು ಕೇಳಿಸಿಕೊಂಡಳು. "ಹೂಂ" ಅಂದಳು. ಮತ್ತೆ "ಹೂಂ". ಅವಳ ಉಗುರು ಅವನ ತೋಳಿಗೆ ಇಳಿಯುತ್ತಿತ್ತು, ಅವನು ಮಿಸುಕಲಿಲ್ಲ.

ಫೋನ್ ಕೆಳಗಿಟ್ಟಳು.

"ಕ್ಯಾನ್ಸರ್." ಸ್ವರ ಅವಳದೇ ಅಲ್ಲವೆನಿಸಿತು. "ಚಿಕ್ಕದಂತೆ. ಬೇಗ ಸಿಕ್ಕಿದೆಯಂತೆ. ಈ ತಿಂಗಳ ಯೂಹಾನ್ನುಸ್ ಹಬ್ಬ ಕಳೆದ ಕೂಡ್ಲೆ ಆಪರೇಷನ್. ಆಮೇಲೆ ರೇಡಿಯೇಷನ್..."

ಅವನು ಅವಳ ಕೈಯ ಮೇಲೆ ತನ್ನ ಕೈ ಇಟ್ಟ.

"ಏನಾದ್ರೂ ಹೇಳು!"

"ನಂಗೆ ಹೆದರಿಕೆ ಆಗ್ತಿದೆ."

"ಧೈರ್ಯ ಹೇಳೋ ಜಾಗದಲ್ಲಿ ನೀನೇ ಹೆದರಿದ್ರೆ ಹೇಗೋ?"

"ಧೈರ್ಯ ಇದ್ರೆ ತಾನೆ ಹೇಳೋದು? ಇರೋದು ಹೆದರಿಕೆ ಮಾತ್ರ. ಆದ್ರೆ ನಾನು ಹೋಗಲ್ಲ."

ಕನ್ನಡಕದಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಯಾರ ಮುಂದೆಯೂ ಅಳದಂತೆ ತಡೆದುಕೊಂಡಿದ್ದ ವಿರ್ವೆ ಅವನ ಎದೆಗೆ ಮುಖ ಒತ್ತಿ ಜೋರಾಗಿ ಅತ್ತಳು. ಅವನ ಎದೆಯೂ ಹೆದರಿ ಹೊಡೆದುಕೊಳ್ಳುತ್ತಿತ್ತು. ಅದು ಕೇಳಿಸಿದಾಗ ಅವಳಿಗೆ ಯಾಕೋ ಸ್ವಲ್ಪ ಸಮಾಧಾನವಾಯಿತು.

ಫೋನ್ ಮತ್ತೆ ಹೊಡೆದುಕೊಂಡಿತು.

"ನೀನೇ ತಗೋ. ಇನ್ನೊಂದು ಕೇಳೋ ಶಕ್ತಿ ಇಲ್ಲ ನಂಗೆ."

ಅವನು ಫೋನ್ ಕಿವಿಗಿಟ್ಟ. ವೈದ್ಯೆಯ ಸ್ವರ ಹೊರಗೂ ಕೇಳುತ್ತಿತ್ತು.

"ವಿರ್ವೆ ಇಲ್ವಾ? ನೀವು ಅವರಿಗೆ ಏನಾಗಬೇಕು?"

ಸಕಾರಿ ವಿರ್ವೆಯ ಕಡೆ ನೋಡಿದ. "ನಾನು... ಎದುರು ಮನೆ..."

"ಅಲ್ಲ," ಎಂದಳು ವಿರ್ವೆ, ಕಣ್ಣೊರೆಸಿಕೊಳ್ಳುತ್ತಾ. "ನನ್ನ ಕಡೆಯವರು ಅಂತ ಹೇಳು."

"ನಾನು... ಅವರ ಕಡೆಯವನು," ಎಂದ ಸಕಾರಿ. ಆಮೇಲೆ ಕೇಳಿಸಿಕೊಂಡ. ಬಹಳ ಹೊತ್ತು ಕೇಳಿಸಿಕೊಂಡ.

"ಏನಂತೆ? ಹೇಳೋ...!"

"ಬೆಳಿಗ್ಗೆ ಎದ್ದು ಕೂತಿದ್ದಾಳಂತೆ. ಎದೆಬಡಿತ ಸರಿಹೋಗಿದೆಯಂತೆ. ಮೀನು ತಿಂದು, ನರ್ಸ್ ಕೈ ಪರಚಿದ್ದಾಳಂತೆ." ಅವನು ಅಳುತ್ತಾ ನಗುತ್ತಿದ್ದ. "ಸಂಜೆ ಕರ್ಕೊಂಡು ಹೋಗಿ ಅಂದ್ರು."

ವಿರ್ವೆ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವಳು ನಿನ್ನ ಅಷ್ಟು ಸುಲಭಕ್ಕೆ ಕ್ಷಮಿಸಲ್ಲ, ಗೊತ್ತಾ?"

"ಗೊತ್ತು. ನೀನು?"

"ನಂಗೆ ಇನ್ನೂ ಹೆದರಿಕೆ ಇದೆ, ಸಕಾರಿ. ಕ್ಷಮಿಸೋದು ಬಿಡೋದು ಆಮೇಲೆ. ಮೊದಲು ಈ ಕೈ ಬಿಡಬೇಡ."

"ಬಿಡಲ್ಲ," ಎಂದ ಅವನು.