ಎರಡು ಜೋಡಿ ಎತ್ತು, ಒಬ್ಬ ಯಂಕೋಬ

2025ರ ಫೆಬ್ರವರಿ 12, ಬುಧವಾರ, ಬೆಳಿಗ್ಗೆ 10.40. ಮಾನ್ವಿ ಠಾಣೆಗೆ ಬಂದ ಹೆಂಗಸಿನ ಪಾಸ್‌ಪೋರ್ಟಿನಲ್ಲಿ ಶಾರ್ಮೇನ್ ಯಂಕೋಬ ಎಂದಿತ್ತು, ದೇಶ ಗಯಾನಾ. ಪಿಎಸ್‌ಐ ಉಮ್ಮೇ ಕುಲ್ಸುಮ್ ಆ ಹೆಸರನ್ನು ಎರಡು ಸಲ ಓದಿದರು. ನೂರಹತ್ತು ವರ್ಷದ ಹಿಂದೆ ಮದ್ರಾಸಿನಲ್ಲಿ ಹಡಗು ಹತ್ತಿ, ಸಮುದ್ರದಾಚೆಯ ಕಬ್ಬಿನ ತೋಟಕ್ಕೆ ಹೋದ ಕೂಲಿಯಾಳು ಯಂಕೋಬನ ಮರಿಮಗಳು ಆಕೆ. ಹಡಗಿನ ಗುಮಾಸ್ತ ಗೀಚಿದ ಒಂಟಿ ಹೆಸರೇ ಅಲ್ಲಿ ಮನೆತನದ ಹೆಸರಾಗಿ ಉಳಿದಿತ್ತು.

ಬೇರು ಹುಡುಕಿಕೊಂಡು ಬಂದವಳು ಅಕ್ಕಿ ಗಿರಣಿ ಮಾಲೀಕ ವಿರೂಪಣ್ಣನವರ ಮನೆಯಲ್ಲಿ ಇಳಿದುಕೊಂಡಿದ್ದಳು. ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಪಡಸಾಲೆಯಲ್ಲಿಟ್ಟಿದ್ದ ಆಕೆಯ ರೆಕಾರ್ಡರ್ ಕಳುವಾಗಿತ್ತು. ಯಂಕೋಬನ ಮಗ, ಅಂದರೆ ಆಕೆಯ ತಾತ, ಸಾಯುವ ಮುಂಚೆ ಹೇಳಿದ ಮಾತೆಲ್ಲ ಅದರಲ್ಲೇ ಇತ್ತು. ಪ್ರತಿ ಮಾಡಿಸಬೇಕೆಂದು ಹನ್ನೆರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ ಎಂದು ಅತ್ತಳು. ಭಾರತೀಯ ನ್ಯಾಯ ಸಂಹಿತೆ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ. ಅದೇ ಮೇಜಿನ ಮೇಲಿದ್ದ ದುಬಾರಿ ಕ್ಯಾಮೆರಾವನ್ನು ಯಾರೂ ಮುಟ್ಟಿರಲಿಲ್ಲ. ಕಳ್ಳನಿಗೆ ಬೇಕಾಗಿದ್ದು ವಸ್ತುವಲ್ಲ, ಅದರೊಳಗಿನ ಮಾತು ಎಂದು ಕುಲ್ಸುಮ್‌ಗೆ ಆಗಲೇ ಹೊಳೆಯಿತು. ವಿರೂಪಣ್ಣನವರಿಗೋ ಕಳವಿಗಿಂತ ಹಿಗ್ಗೇ ಹೆಚ್ಚು. ಯಂಕೋಬ ತಮ್ಮದೇ ಮನೆಯ ಕಿರಿಮಗ ಎಂದು ವಂಶಾವಳಿ ಓದುವ ಹೆಳವನೇ ಹೇಳಿದ್ದಾನೆ, ಪೇಪರಿನವರು ಫೋಟೋ ಹೊಡೆದುಕೊಂಡು ಹೋಗಿದ್ದಾರೆ ಎಂದು ಮೀಸೆಯಡಿ ನಕ್ಕರು. ಹಿಂದಿನ ದಿನ ಬೆಳಿಗ್ಗೆ ರೆಕಾರ್ಡರ್ ಮುಂದೆ ಹೆಳವ ಹೇಳಿದ್ದನ್ನು ಅತಿಥಿಗೆ ಇಂಗ್ಲಿಷಿನಲ್ಲಿ ತಿಳಿಸಿದವಳು ದೇವದುರ್ಗದ ಸರ್ಕಾರಿ ಶಾಲೆಯ ನಾಗವೇಣಿ ಟೀಚರ್.

ಮನೆತನಗಳ ತಲೆಮಾರುಗಳನ್ನು ಹೊತ್ತಿಗೆಯಲ್ಲಿಟ್ಟುಕೊಂಡು ಮನೆಮನೆಗೆ ಬಂದು ಹಾಡಿ ಹೇಳುವುದು ಹೆಳವರ ಕಸುಬು. ಮೂರು ಗಂಟೆಗೆ ಹೆಳವರ ಕೊಟ್ರೇಶ ಠಾಣೆಗೆ ಬಂದ.

"ಬಾಯಿಪಾಠ ಬ್ಯಾಡ. ಹೊತ್ತಿಗಿ ತೆಗದು ಓದ್ರಿ," ಎಂದರು ಕುಲ್ಸುಮ್.

ಕೊಟ್ರೇಶ ಕನ್ನಡಕ ಏರಿಸಿ ನಿಜಾಮರ ಕಾಲದ ಪುಟ ತೆಗೆದ. "ನೀರಮಾನ್ವಿ ಹೊಲ, ಹಿರೇ ಮಗನ ಪಾಲಿಗೆ. ಎರಡು ಜೋಡಿ ಎತ್ತು, ಒಬ್ಬ ಯಂಕೋಬ."

ಹೇಳಿಕೆ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಆಂಜನೇಯನ ಪೆನ್ನು, ಎತ್ತಿನ ಜೊತೆ ಪಾಲಾದ ಜೀತದಾಳಿನ ಹೆಸರಿನ ಮೇಲೆ ನಿಂತಿತು.

"ನಿನ್ನೆ ಹಿಂಗ ಓದಿದ್ರೇನು?"

"ಇಲ್ರಿ ಮೇಡಂ. ವಿರೂಪಣ್ಣ ಸಾವ್ಕಾರ್ರು ಸಣ್ಣ ಮಗ ಅನ್ನು ಅಂದ್ರು, ಅಂದೆ."

"ಟೀಚರ್ ಏನಂದ್ರು?"

"ಯಂಕೋಬ ನಮ್ಮ ಮನಿಯಾವ, ನಮ್ಮವ್ವ ಹೇಳ್ತಾಳ ಅಂದ್ರು. ಸಾವ್ಕಾರ್ರು, ಕರದದ್ದು ಯಾತಕ್ಕ, ಹೇಳಿದಷ್ಟು ಹೇಳವ್ವಾ ಅಂದ್ರು. ಟೀಚರ್ರು ಹಂಗೇ ಹೇಳಿದ್ರು."

ಕುಲ್ಸುಮ್‌ಗೆ ಮೈ ಉರಿಯಿತು. ಆದರೆ ಉರಿಯನ್ನು ಕೇಸ್ ಡೈರಿಯಲ್ಲಿ ಬರೆಯಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ 8.30, ದೇವದುರ್ಗ. ಶಾಲೆಗೆ ಹೊರಟು ನಿಂತಿದ್ದ ನಾಗವೇಣಿ ಜೀಪು ಕಂಡದ್ದೇ ಒಳಗೆ ಹೋಗಿ ರೆಕಾರ್ಡರ್ ತಂದು ಮೇಜಿನ ಮೇಲಿಟ್ಟಳು. ಇಬ್ಬರು ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಆಯಿತು. ಎಂಬತ್ತಾರರ ತಾಯಿ ಗೋಪಮ್ಮ ಮಂಚದಿಂದಲೇ ಪೊಲೀಸರನ್ನು ಮೇಲಿಂದ ಕೆಳಗೆ ನೋಡಿದಳು. ಆ ಮನೆಯಲ್ಲಿ ಯಾರಿಗೂ ಅಂಜಿಕೆಯಿರಲಿಲ್ಲ.

"ಯಾಕ ತೊಗೊಂಡ್ರಿ?" ಕುಲ್ಸುಮ್ ನಾಗವೇಣಿಯನ್ನು ಕೇಳಿದರು.

"ಸುಳ್ಳನ್ನ ನನ್ನ ಬಾಯಿಲೇ ಹೇಳಿಸಿದ್ರು. ಇಂಗ್ಲಿಷ್ ಕಲ್ತದ್ದು ಅದಕ್ಕೇನ್ರಿ? ನನ್ನ ದನಿಯಾಗ ಅದು ಸಮುದ್ರ ದಾಟಬಾರದಿತ್ತು."

"ಆಕಿಗೇ ಹೇಳಬಹುದಿತ್ತು."

"ಸಾವ್ಕಾರ್ರ ಮನ್ಯಾಗ ಇಳದಾಳ. ಹೊತ್ತಿಗಿ ಮುಂದ ನಮ್ಮವ್ವನ ಬಾಯಿಮಾತು ಯಾರು ನಂಬ್ತಾರ?"

ಹಳೆಯದೇನಾದರೂ ಅಳಿಸಿದ್ದೀರಾ ಎಂದು ಕುಲ್ಸುಮ್ ಕೇಳಿದರು. ಏನೂ ಅಳಿಸಿಲ್ಲ, ಹೆಳವನ ಸುಳ್ಳನ್ನೂ ಅಳಿಸಿಲ್ಲ, ಅದರ ಮುಂದೆ ಅವ್ವನ ಮಾತು ಸೇರಿಸಿದ್ದೇನೆ, ಶನಿವಾರ ತಲುಪಿಸುವವಳಿದ್ದೆ ಎಂದಳು. ಕೆಲಸಕ್ಕೆ ಸಂಚಕಾರ ಬರುತ್ತದೆಂದು ಗೊತ್ತಿರಲಿಲ್ಲವೇ ಎಂದದ್ದಕ್ಕೆ, ಗೊತ್ತಿತ್ತು ಎಂದಷ್ಟೇ ಉತ್ತರ ಬಂತು.

11.50ಕ್ಕೆ ನಾಗವೇಣಿಯನ್ನು ಕರೆದುಕೊಂಡು ಠಾಣೆ ಮುಟ್ಟುವಷ್ಟರಲ್ಲಿ, ಪಂಚರ ಬಾಯಿಂದ ಸುದ್ದಿ ತಿಳಿದ ವಿರೂಪಣ್ಣ ಬಂದು ಕೂತಿದ್ದರು. ಕೇಸು ಗೀಸು ಬೇಡ, ಮುದುಕಿಯ ಮಾತೊಂದು ತೆಗೆದು ರೆಕಾರ್ಡರ್ ವಾಪಸ್ ಕೊಟ್ಟುಬಿಡಿ ಎಂದರು.

"ಜಪ್ತಿ ಮಾಲು, ಸಾವ್ಕಾರ್ರೆ. ಅದರಾಗ ಒಂದು ಕೆಮ್ಮು ಅಳಿಸಿದ್ರೂ ಇನ್ನೊಂದು ಎಫ್‌ಐಆರ್ ಆಗ್ತದ, ನಿಮ್ಮ ಹೆಸರಿಲೆ," ಎಂದು ಕುಲ್ಸುಮ್ ಬಾಗಿಲ ಕಡೆ ನೋಡಿದರು. ಗಿರಣಿ ಮಾಲೀಕರು ಚಹಾ ಮುಟ್ಟದೆ ಎದ್ದು ಹೋದರು.

ಮಾಲು ಗುರುತಿಸಲು ಶಾರ್ಮೇನ್‌ಳನ್ನು ಕರೆಸಿದರು. ತಾತನ ದನಿ ಇದ್ದ ಹಾಗೇ ಇತ್ತು. ಇದು ನನ್ನದೇ ಎಂದು ಆಕೆ ಗುರುತಿಸಿದಳು. ಅದು ಮುಗಿದ ಮೇಲೆ ಗೋಪಮ್ಮನ ದನಿ ಬಂತು.

"ಯಂಕೋಬ ನಮ್ಮಪ್ಪನ ಕಾಕಾ. ಅಂವ ಓಡಿ ಹೋದಾವಲ್ಲ. ಹಾಡಹಗಲ ಎತ್ತು ತಂದು ಸಾವ್ಕಾರನ ಬಾಗಲಾಗ ಕಟ್ಟಿದ. ಇವು ನಿನ್ನವು, ನಾ ನಿನ್ನಾವಲ್ಲ ಅಂದ. ಹೋದ."

ಆರೋಪಿಯಾಗಿ ನಿಂತಿದ್ದ ನಾಗವೇಣಿಯೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಒಂದೊಂದೇ ಮಾತು. ಶಾರ್ಮೇನ್ ಎದ್ದು ಬಂದು ಅವಳ ಕೈ ಹಿಡಿದಳು. ದೂರು ವಾಪಸ್ ಬೇಕೆಂದಳು. ರಾಜಿ ಏನಿದ್ದರೂ ಕೋರ್ಟಿನಲ್ಲಿ, ಕಳವು ಕಳವೇ ಎಂದು ಕುಲ್ಸುಮ್ ಬಿಡಿಸಿ ಹೇಳಿದರು. ಹೊಟ್ಟೆಗಿಲ್ಲದೆ ಕದ್ದವರನ್ನು, ಆಸೆಗೆ ಕದ್ದವರನ್ನು ಅವರು ಕಂಡಿದ್ದರು. ಆಡಿದ ಸುಳ್ಳನ್ನು ತಿದ್ದಲು ಕದ್ದವಳು ಇವಳೊಬ್ಬಳೇ.

1.20ಕ್ಕೆ ಬಂಧನ ಪತ್ರ ತುಂಬಿದರು. ಬಂಧನದ ವಿಷಯ ತಿಳಿಸಬೇಕಾದ ಸಂಬಂಧಿಕರು ಯಾರು ಎಂಬ ಕಾಲಂ ಬಂತು. ನಾಗವೇಣಿ ಶಾರ್ಮೇನ್ ಕಡೆ ಕೈ ತೋರಿಸಿದಳು.

"ಫಿರ್ಯಾದಿನೇ ಆರೋಪಿ ಸಂಬಂಧಿ ಹೆಂಗ್ರಿ ಮೇಡಂ?" ಆಂಜನೇಯ ತಬ್ಬಿಬ್ಬಾದ.

"ಹೊತ್ತಿಗ್ಯಾಗ ಇಲ್ಲಂದ್ರ ಸಂಬಂಧ ಇಲ್ಲೇನು? ಬರಿ."

ಶಾರ್ಮೇನ್‌ಳ ಅಪ್ಪ ಗೋಪಮ್ಮನಿಗೆ ತಮ್ಮನ ವರಸೆ ಎಂದು ಲೆಕ್ಕ ಹಾಕಿ, ಸಂಬಂಧ ಎಂಬಲ್ಲಿ 'ಸೋದರಮಾವನ ಮಗಳು' ಎಂದು ಆಂಜನೇಯ ಬರೆದ. ಶಾರ್ಮೇನ್ ಅದರ ಮುಂದೆ ಸಹಿ ಹಾಕಿದಳು.