ವಾತುಕಬುತ್‌ನಲ್ಲಿ ನೀರು ಎಲ್ಲಿಂದ ಬರುತ್ತದೆ?

“ಅಷ್ಟೇನಾ?” ಎಂದು ರೋಸಲಿನ್ ಟೀಚರ್ ಕೇಳಿದರು.

“ಅಷ್ಟೇ ಟೀಚರ್,” ಎಂದಳು ರಿಝ್ವಾನಾ.

ಐದನೇ ಕ್ಲಾಸಿನ ಬೋರ್ಡಿನ ಪಕ್ಕ ನಿಂತು ಅವಳು ಓದಿದ್ದು ನಾಲ್ಕೇ ಸಾಲು. ಊರಿನ ಹೆಸರು ವಾತುಕಬುತ್. ಇಂಡೋನೇಷ್ಯಾ ದೇಶದ ಜಾವಾ ದ್ವೀಪದಲ್ಲಿದೆ. ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರ್ ಎತ್ತರ. ಮುಖ್ಯ ಬೆಳೆ ಬಟಾಟೆ.

ಪ್ರಾಜೆಕ್ಟಿನ ಹೆಸರು ‘ನನ್ನ ಅಮ್ಮನ ಊರು’. ಶ್ರೇಯಾ ನಿಟ್ಟೆಯ ಬಗ್ಗೆ ಹೇಳಿದ್ದಳು. ಅಲ್ಲಿ ಅವಳ ಮಾವನಿಗೆ ಹಾಸ್ಟೆಲ್‌ಗಳ ಎದುರು ಜ್ಯೂಸ್ ಅಂಗಡಿ ಉಂಟು, ಪರೀಕ್ಷೆಯ ಹಿಂದಿನ ದಿನ ಕಾಲೇಜಿನವರು ಬಂದು ಬರೀ ಟೀ ಕುಡಿಯುತ್ತಾರಂತೆ. ಡೈನಾ ಹೆಜಮಾಡಿಯ ಬಗ್ಗೆ ಹೇಳುತ್ತಾ ಬಲೆ ಒಣಗಿಸುವ ವಾಸನೆಗೆ ಮೂಗು ಮುಚ್ಚಿಕೊಂಡೇ ಮಾತಾಡಿದ್ದಳು. ಮಲ್ಲಿನಾಥನ ಅವ್ವನ ಊರು ಬಾದಾಮಿಯ ಕಡೆ. ಅಲ್ಲಿಯ ಹ್ಯಾಂಡ್‌ಪಂಪ್ ಹೊಡೆಯುವಾಗ ಬರುವ ಸದ್ದನ್ನು ಅವನು ಬಾಯಲ್ಲೇ ಮಾಡಿ ತೋರಿಸಿದಾಗ ಇಡೀ ಕ್ಲಾಸು ನಕ್ಕಿತ್ತು.

“ಯಾರಿಗಾದರೂ ಪ್ರಶ್ನೆ ಉಂಟಾ?” ಎಂದರು ಟೀಚರ್.

ಮಲ್ಲಿನಾಥ ಕೈ ಎತ್ತಿದ. “ಗುಡ್ಡದ ಮ್ಯಾಲೆ ಅಂದ್ರ ಅಲ್ಲಿ ನೀರು ಎಲ್ಲಿಂದ ತರ್ತಾರ?”

ರಿಝ್ವಾನಾ ಪೇಪರ್ ನೋಡಿದಳು. ಅದರಲ್ಲಿ ನೀರಿನ ಸುದ್ದಿ ಇರಲಿಲ್ಲ.

“ನೀನು ಅಲ್ಲಿಗೆ ಹೋಗಿದ್ದೀಯಾ?” ಎಂದು ಕೇಳಿದಳು ಶ್ರೇಯಾ.

“ಇಲ್ಲ.”

“ಮತ್ತೆ ಇದೆಲ್ಲ ಹೇಗೆ ಗೊತ್ತು?”

“ಗೂಗಲ್‌ನಲ್ಲಿ ಉಂಟು.”

ಹಿಂದಿನ ಬೆಂಚಿನಿಂದ ಯಾರೋ “ವಾತು ಕಬೂತರ್” ಎಂದರು. ಮತ್ತೆ ನಗು. ಟೀಚರ್ ನಗಲಿಲ್ಲ, ಬೈಯಲೂ ಇಲ್ಲ.

“ಇದು ಗೂಗಲ್‌ನ ಊರಾಯಿತು ರಿಝ್ವಾನಾ. ನಿನ್ನ ಉಮ್ಮನ ಊರನ್ನು ಮುಂದಿನ ಶನಿವಾರ ಹೇಳು. ಪೇಪರ್ ಬೇಡ. ಉಮ್ಮನನ್ನು ಕೇಳಿಕೊಂಡು ಬಾ.”

ಟೀಚರ್ ಅದನ್ನು ಮೆಲ್ಲಗೆ ಹೇಳಿದರು. ಜೋರಾಗಿ ಬೈದಿದ್ದರೆ ಒಳ್ಳೆಯದಿತ್ತು ಎಂದು ರಿಝ್ವಾನಾಳಿಗೆ ಅನಿಸಿತು.

ಮನೆಗೆ ಬಂದಾಗ ಉಮ್ಮ ಹಿಂದಿನ ಜಗಲಿಯಲ್ಲಿ ಕೂತು ಬಂಗುಡೆ ಮೀನು ಶುಚಿ ಮಾಡುತ್ತಿದ್ದಳು. ಉಮ್ಮನ ಹೆಸರು ಲೆಸ್ತಾರಿ. ಅಜ್ಜಿ ಬೀಪಾತುಮ್ಮನ ನಾಲಗೆಗೆ ಅದು ಹಿಡಿಸದೆ, ಕಾಪುವಿಗೆ ಬಂದ ಮೊದಲ ವಾರವೇ ಅವಳು ಲತೀಫಾ ಆಗಿದ್ದಳು. ಅಬ್ಬ ಮುಸ್ತಫಾ ಸೌದಿಯ ಜೆದ್ದಾದಲ್ಲಿ ವ್ಯಾನ್ ಓಡಿಸುತ್ತಾನೆ. ಉಮ್ಮ ಆಗ ಅಲ್ಲಿಯೇ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅಲ್ಲಿಯೇ ಅವರ ಮದುವೆಯಾಯಿತು. ರಿಝ್ವಾನಾ ಹೊಟ್ಟೆಯಲ್ಲಿದ್ದಾಗ ಉಮ್ಮ ಇಲ್ಲಿಗೆ ಬಂದಳು. ಈಗ ಅವಳು ಮನೆಯಲ್ಲಿ ಬ್ಯಾರಿ ಮಾತಾಡುತ್ತಾಳೆ, ಅಂಗಡಿಯಲ್ಲಿ ಸ್ವಲ್ಪ ತುಳು, ಸ್ವಲ್ಪ ಕನ್ನಡ. ಎಲ್ಲದಕ್ಕೂ ಅವಳದೇ ಒಂದು ರಾಗ.

“ಉಮ್ಮ, ನಿಮ್ಮ ಊರಲ್ಲಿ ಎಂತೆಲ್ಲ ಉಂಟು?”

“ಎಂತ ಉಂಟು? ಬಟಾಟೆ ಉಂಟು, ಚಳಿ ಉಂಟು,” ಎಂದಳು ಉಮ್ಮ. ಮೀನಿನ ಕಿವಿರು ಕಿತ್ತು ಪಕ್ಕಕ್ಕೆ ಹಾಕಿದಳು.

“ನೀರು ಎಲ್ಲಿಂದ ತರ್ತಾರೆ?”

“ನೀರು ಎಲ್ಲ ಕಡೆ ಉಂಟು ಮಗಾ. ಹೋಗು, ಯೂನಿಫಾರ್ಮ್ ತೆಗೆ. ಮೀನಿನ ನೀರು ಹಾರುತ್ತದೆ.”

ಅಷ್ಟೇ. ರಿಝ್ವಾನಾ ಒಳಗೆ ಹೋಗಿ ಅಜ್ಜಿಯ ಹತ್ತಿರ ಕೂತಳು. ಅಜ್ಜಿಯ ಮೊಣಕಾಲಿಗೆ ಆಪರೇಶನ್ ಆಗಿತ್ತು. ಅವರು ಹೆಚ್ಚಿನ ಹೊತ್ತು ಕಿಟಕಿಯ ಪಕ್ಕದ ಮಂಚದಲ್ಲೇ ಇರುತ್ತಿದ್ದರು.

“ಅಜ್ಜಿ, ಉಮ್ಮ ಅವರ ಊರಿನ ಬಗ್ಗೆ ಯಾಕೆ ಎಂತದೂ ಹೇಳುವುದಿಲ್ಲ?”

“ಬಂದ ಹೊಸತರಲ್ಲಿ ಅದನ್ನೇ ಹೇಳುತ್ತಿದ್ದಳು,” ಎಂದರು ಅಜ್ಜಿ. “ಭಾಷೆ ಬರುತ್ತಿರಲಿಲ್ಲ ಅಲ್ವಾ, ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ. ಹೇಳ್ತಾ ಹೇಳ್ತಾ ಅಳು. ನನಗೆ ಪಾಪ ಅನಿಸಿತು. ಇನ್ನು ಇದೇ ನಿನ್ನ ಊರು, ಅದನ್ನು ನೆನೆಸಿ ಅಳಬೇಡ ಅಂತ ಹೇಳಿದೆ. ಆಮೇಲೆ ಅಳಲಿಲ್ಲ.”

“ಆಮೇಲೆ ಹೇಳಲೂ ಇಲ್ಲ, ಅಲ್ವಾ?”

ಅಜ್ಜಿ ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡರು.

ಮರುದಿನ ಭಾನುವಾರ. ಬೆಳಿಗ್ಗೆ ಉಮ್ಮ ಅಂಗಳದಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದಳು. ಫೋನ್ ಫ್ರಿಜ್ಜಿನ ಮೇಲಿತ್ತು. ಲಾಕ್ ತೆಗೆಯುವುದು ರಿಝ್ವಾನಾಳಿಗೆ ಗೊತ್ತು. ಅವಳು ವಾಟ್ಸ್ಯಾಪ್‌ನಲ್ಲಿ ‘ಸುಗೆಂಗ್’ ಎಂಬ ಹೆಸರು ಹುಡುಕಿ ವಿಡಿಯೋ ಕಾಲ್ ಒತ್ತಿದಳು.

ಸುಗೆಂಗ್ ಎಂದರೆ ಉಮ್ಮನ ತಮ್ಮ. ಈದ್ ಹಬ್ಬಕ್ಕೆ ಅವನ ಕಾಲ್ ಬರುತ್ತದೆ. ರಿಝ್ವಾನಾ ಕೈ ಬೀಸುತ್ತಾಳೆ, ಅವನೂ ಬೀಸುತ್ತಾನೆ. ಅವರಿಬ್ಬರ ನಡುವೆ ಮಾತು ಎಂದರೆ ಅಷ್ಟೇ. ಅವನಿಗೆ ಬ್ಯಾರಿ ಬಾರದು, ಇವಳಿಗೆ ಅವನ ಭಾಷೆ ಬಾರದು.

ಮೊದಲು ಸ್ಕ್ರೀನ್ ಪೂರ್ತಿ ಬಿಳಿಯಾಗಿತ್ತು. ಆಮೇಲೆ ಬಿಳಿಯ ಒಳಗಿನಿಂದ ಉಣ್ಣೆ ಟೊಪ್ಪಿ ಹಾಕಿದ ಒಂದು ಮುಖ ಬಂತು. ಆ ಮುಖದಲ್ಲಿ ಗಾಬರಿ ಇತ್ತು.

“ಇಬು? ಇಬು ಸಾಕಿತ್?”

‘ಸಾಕಿತ್’ ರಿಝ್ವಾನಾಳಿಗೆ ಗೊತ್ತು. ಅವಳಿಗೆ ಜ್ವರ ಬಂದಾಗ ಉಮ್ಮ ಹಣೆ ಮುಟ್ಟಿ ಹಾಗೆ ಹೇಳುತ್ತಾಳೆ. ಉಮ್ಮನಿಗೆ ಹುಷಾರಿಲ್ಲವಾ ಎಂದು ಮಾಮ ಕೇಳುತ್ತಿದ್ದ.

“ನೋ, ನೋ. ಉಮ್ಮ ಓಕೆ. ಮಾಮ, ವಿಲೇಜ್. ಶೋ ವಿಲೇಜ್,” ಎಂದು ಅವಳು ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದಳು. “ವಾಟರ್. ವೇರ್ ವಾಟರ್?”

ಮಾಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಕ್ಕ. ಕ್ಯಾಮರಾ ತಿರುಗಿಸಿ ನಡೆಯತೊಡಗಿದ.

ಬಿಳಿ ಎಂದರೆ ಮಂಜು. ಅದು ಸರಿದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಕಾಣುತ್ತಿತ್ತು, ಇನ್ನೊಂದು ಕಡೆ ಸರಿದಾಗ ಗದ್ದೆಯ ಮೇಲೆ ಮತ್ತೊಂದು ಗದ್ದೆ. ರಬ್ಬರ್ ಬೂಟು ಹಾಕಿ, ಹೆಗಲಿಗೆ ಸರೋಂಗ್ ಬಟ್ಟೆ ಸುತ್ತಿಕೊಂಡ ಹೆಂಗಸರು ಬಟಾಟೆ ಅಗೆಯುತ್ತಿದ್ದರು. ಒಬ್ಬಳು ಫೋನಿಗೆ ಕೈ ಬೀಸಿದಳು. ಮಾಮ ಮೇಲಕ್ಕೆ ತೋರಿಸಿದ. ಮನೆಗಳ ಮಾಡಿನ ಮೇಲೆ ಕಪ್ಪು ಪೈಪುಗಳು ಹೋಗುತ್ತಿದ್ದವು. ಒಂದೆರಡಲ್ಲ, ಕಟ್ಟು ಕಟ್ಟು. ಎಲ್ಲವೂ ಗುಡ್ಡದ ಕಡೆಗೆ.

“ಆಯೆರ್,” ಎಂದ ಮಾಮ. “ವಾಟರ್.”

ತನ್ನ ಭಾಷೆಯ ದನಿ ಕೇಳಿ ಉಮ್ಮ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಒಳಗೆ ಬಂದಳು. ಬೈಯುತ್ತಾಳೆ ಎಂದುಕೊಂಡು ರಿಝ್ವಾನಾ ಫೋನ್ ಕೆಳಗಿಳಿಸಿದಳು. ಉಮ್ಮ ಬೈಯಲಿಲ್ಲ. ಬಟ್ಟೆಯನ್ನು ಕುರ್ಚಿಯ ಮೇಲೆ ಬಿಟ್ಟು ಪಕ್ಕದಲ್ಲಿ ಬಂದು ನಿಂತಳು.

ಮಾಮ ಒಂದು ಓಣಿಗೆ ತಿರುಗಿ ನಿಂತ. ಎದುರು ನೀಲಿ ಟೈಲ್ಸ್ ಹಾಕಿದ ಹೊಸ ಮನೆ.

ಉಮ್ಮ ಏನೋ ಕೇಳಿದಳು. ಮಾಮ ತಗ್ಗಿದ ದನಿಯಲ್ಲಿ ತುಂಬ ಹೊತ್ತು ಹೇಳಿದ.

“ಎಂತ ಉಮ್ಮ?”

“ಅದು ನಮ್ಮ ಮನೆ,” ಎಂದಳು ಉಮ್ಮ. “ಮರದ ಮನೆ ಇತ್ತು. ಗೆದ್ದಲು ತಿಂದಿತಂತೆ. ಕಳೆದ ವರ್ಷ ತೆಗೆದು ಇದನ್ನು ಕಟ್ಟಿದರಂತೆ. ನನಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲವಂತೆ.”

ಮತ್ತೆ ಫೋನಿಗೆ ಮುಖ ಮಾಡಿ “ಬಾಗುಸ್, ಬಾಗುಸ್,” ಎಂದಳು. ರಿಝ್ವಾನಾಳಿಗೆ ಪರೀಕ್ಷೆಯಲ್ಲಿ ಮಾರ್ಕ್ಸ್ ಬಂದಾಗಲೂ ಉಮ್ಮ ಇದನ್ನೇ ಹೇಳುತ್ತಾಳೆ. ಚೆನ್ನಾಗಿದೆ ಎಂದು ಅರ್ಥ. ಆದರೆ ಈಗ ಉಮ್ಮನ ಮುಖ ಮಾರ್ಕ್ಸ್ ಬಂದಾಗಿನ ಮುಖವಾಗಿರಲಿಲ್ಲ. ತಾನು ಯಾಕಾದರೂ ಕಾಲ್ ಮಾಡಿದೆನೋ ಎಂದು ರಿಝ್ವಾನಾಳಿಗೆ ಅನಿಸಿತು.

ಮಾಮ ಮನೆಯ ಹಿಂದಕ್ಕೆ ಹೋದ. ಅಲ್ಲಿ ಅಡುಗೆಮನೆ ಹಳೆಯದೇ ಇತ್ತು. ಹೊಗೆ ಹಿಡಿದು ಕಪ್ಪಾದ ಹಲಗೆಯ ಗೋಡೆ, ಮಣ್ಣಿನ ಒಲೆ, ಒಲೆಯ ಸುತ್ತ ಕುಳ್ಳಗಿನ ಮಣೆಗಳು. ಮಾಮನ ಹೆಂಡತಿ ಬೆಂಕಿಗೆ ಕೈ ಕಾಯಿಸುತ್ತಾ ಕೂತಿದ್ದಳು. ಉಮ್ಮ ಸ್ಕ್ರೀನಿನ ಮೇಲೆ ಬೆರಳಿಟ್ಟಳು. ಒಂದು ಮಣೆಯ ಮೇಲೆ.

ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

“ಸಾರಿ ಉಮ್ಮ,” ಎಂದಳು ರಿಝ್ವಾನಾ.

ಉಮ್ಮ ನೆಲದ ಮೇಲೆಯೇ ಕೂತಳು. “ಅಲ್ಲಿ ಕೂತರೆ ಬೆನ್ನಿಗೆ ಚಳಿ, ಮುಖಕ್ಕೆ ಬಿಸಿ,” ಎಂದಳು. “ನಾನು ಚಿಕ್ಕವಳು ಅಲ್ವಾ, ತಮ್ಮ ಇನ್ನೂ ಮಡಿಲಲ್ಲಿ, ನನಗೆ ಬಾಗಿಲ ಹತ್ತಿರದ ಮಣೆ. ಯಾರು ಬಂದರೂ ಗಾಳಿ ನನಗೇ.”

ಆಮೇಲೆ ಅವಳು ನಿಲ್ಲಿಸಲಿಲ್ಲ. ಬಟ್ಟೆ ಅರ್ಧಕ್ಕೇ ಉಳಿಯಿತು. ಕಬುತ್ ಎಂದರೆ ಮಂಜು, ವಾತು ಎಂದರೆ ಕಲ್ಲು. ಗುಡ್ಡದ ಮೇಲೆ ಒರತೆ ಉಂಟು. ಮೊದಲು ಬಿದಿರಿನ ಕೊಳವೆ, ಈಗ ಪೈಪು. ಒಂದೊಂದು ಮನೆಗೆ ಒಂದೊಂದು. ಗಾಳಿಗೆ ಪೈಪಿನ ಜಾಯಿಂಟ್ ಬಿಟ್ಟುಹೋದರೆ ಯಾವುದು ತಮ್ಮದು ಎಂದು ಹುಡುಕಲು ಉಮ್ಮನನ್ನೇ ಕಳಿಸುತ್ತಿದ್ದರು. ಅವಳು ಪೈಪಿಗೆ ಕಿವಿಯಿಟ್ಟು ಕೇಳುತ್ತಾ ಹತ್ತುತ್ತಿದ್ದಳು.

ಜುಲೈ ತಿಂಗಳಲ್ಲಿ ಅಲ್ಲಿ ಮಳೆ ಇಲ್ಲ. ರಾತ್ರಿ ಇಬ್ಬನಿ ಬಿದ್ದು ಗಟ್ಟಿಯಾಗುತ್ತದೆ. ಬೆಳಿಗ್ಗೆ ಗದ್ದೆಯೆಲ್ಲ ಉಪ್ಪು ಎರಚಿದ ಹಾಗೆ. ಮಕ್ಕಳಿಗೆ ಖುಷಿ, ಕೆರೆದು ಉಂಡೆ ಮಾಡಿ ಎಸೆಯುತ್ತಾರೆ. ದೊಡ್ಡವರು ಅದನ್ನು ವಿಷದ ಇಬ್ಬನಿ ಎನ್ನುತ್ತಾರೆ. ಬಿಸಿಲು ಬಂದರೆ ಬಟಾಟೆಯ ಎಲೆ ಸುಟ್ಟು ಕಪ್ಪಾಗುತ್ತದೆ. ಅದಕ್ಕೆ ಸೂರ್ಯ ಬರುವ ಮೊದಲೇ ಎದ್ದು ಎಲೆಗಳಿಗೆ ನೀರು ಹೊಡೆಯಬೇಕು.

“ನನ್ನ ಕೈ ಮರಗಟ್ಟಿ ಹೋಗ್ತಿತ್ತು. ಅಪ್ಪ ನನ್ನ ಕೈಯನ್ನು ಅವರ ಕಂಕುಳಲ್ಲಿ ಇಟ್ಟುಕೊಳ್ತಿದ್ದರು,” ಎಂದು ಉಮ್ಮ ನಕ್ಕಳು. “ಇಲ್ಲಿಗೆ ಬಂದ ವರ್ಷ ಮೇ ತಿಂಗಳಲ್ಲಿ ನಾನು ಬಾತ್‌ರೂಮಿನ ನೆಲದಲ್ಲಿ ಮಲಗಿದ್ದೆ. ನೆನಪುಂಟಾ ಮಾಮಿ?”

ಅಜ್ಜಿ ಮಂಚದಿಂದಲೇ ಕೇಳುತ್ತಿದ್ದರು. “ನೆನಪಿಲ್ಲದೆ? ನಾನು ಡಾಕ್ಟರನ್ನು ಕರೆಸಿದೆ. ತಲೆ ತಿರುಗಿ ಬಿದ್ದದ್ದು ಅಂತ.”

“ನೆಲ ತಣ್ಣಗಿತ್ತು, ಅಷ್ಟೇ.”

ಅಜ್ಜಿ ಮಂಚದಲ್ಲಿ ಉಮ್ಮನ ಕಡೆಗೆ ತಿರುಗಿ ಕೂತರು. “ಇಷ್ಟೆಲ್ಲ ನನಗೆ ಯಾವಾಗಲೂ ಹೇಳಲೇ ಇಲ್ಲವಲ್ಲ ನೀನು.”

“ನೀವು ಕೇಳಲಿಲ್ಲ ಮಾಮಿ,” ಎಂದಳು ಉಮ್ಮ. ಅದರಲ್ಲಿ ಸಿಟ್ಟಿರಲಿಲ್ಲ.

ಅಜ್ಜಿ ಕಾಲು ಸರಿಸಿ ಮಂಚದ ಮೇಲೆ ಜಾಗ ಮಾಡಿದರು. “ನೆಲದಲ್ಲಿ ಯಾಕೆ ಕೂತದ್ದು? ಇಲ್ಲಿ ಬಾ. ಆ ಬಟಾಟೆ ಅಗೆದು ಎಲ್ಲಿಗೆ ಮಾರ್ತಾರೆ?”

ಶನಿವಾರ ರಿಝ್ವಾನಾ ಪೇಪರ್ ಇಲ್ಲದೆ ಎದ್ದು ಹೋದಳು. ಎಲ್ಲಿಂದ ಶುರು ಮಾಡುವುದು ಎಂದು ತಿಳಿಯಲಿಲ್ಲ. ಮಲ್ಲಿನಾಥನ ಮುಖ ಕಂಡಿತು.

“ನೀರು ಪೈಪಿನಲ್ಲಿ ಬರುತ್ತದೆ,” ಎಂದಳು.

“ಪೈಪು ಕಿತ್ತು ಹೋದ್ರ?”

“ಕಿವಿಯಿಟ್ಟು ಹುಡುಕಬೇಕು. ಹತ್ತುತ್ತಾ ಹೋಗುವಾಗ ಒಳಗೆ ನೀರಿನ ಸದ್ದು ಎಲ್ಲಿ ಶುರುವಾಗ್ತದೋ ಅಲ್ಲಿ.”

ಮಲ್ಲಿನಾಥ ತಲೆಯಾಡಿಸಿದ. ಈ ಉತ್ತರ ಅವನಿಗೆ ಒಪ್ಪಿಗೆಯಾದಂತೆ ಕಂಡಿತು. ಅಲ್ಲಿಂದ ಅವಳು ಗದ್ದೆಗೆ ಹೋದಳು, ಗದ್ದೆಯಿಂದ ಒಲೆಯ ಹತ್ತಿರಕ್ಕೆ. ನೀಲಿ ಟೈಲ್ಸಿನ ಮನೆಯನ್ನೂ ಹೇಳಿದಳು. ಇಬ್ಬನಿಯ ಉಂಡೆ ತಿನ್ನಲು ಹೇಗಿರುತ್ತದೆ ಎಂದು ಡೈನಾ ಕೇಳಿದಳು. ಬಟಾಟೆ ಎಲೆಯ ರುಚಿ, ಕಹಿ ಎಂದು ಉಮ್ಮ ಹೇಳಿದ್ದನ್ನೇ ರಿಝ್ವಾನಾ ಹೇಳಿದಳು. ಬೆಲ್ ಹೊಡೆದರೂ ಟೀಚರ್ ನಿಲ್ಲಿಸು ಎನ್ನಲಿಲ್ಲ.

ಕೊನೆಗೆ ಶ್ರೇಯಾ ಕೈ ಎತ್ತಿದಳು. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಮತ್ತೆ ಅಂಥ ಊರು ಬಿಟ್ಟು ನಿನ್ನ ಉಮ್ಮ ಇಲ್ಲಿಗೆ ಯಾಕೆ ಬಂದದ್ದು?”

ಅಬ್ಬ ಇಲ್ಲಿಯವರು, ಅದಕ್ಕೆ ಎಂದು ರಿಝ್ವಾನಾ ಹೇಳಬಹುದಿತ್ತು. ಆದರೆ ಅಬ್ಬ ಇರುವುದು ಜೆದ್ದಾದಲ್ಲಿ.

“ಕೇಳಿ ಹೇಳ್ತೇನೆ,” ಎಂದು ತನ್ನ ಜಾಗಕ್ಕೆ ಹೋಗಿ ಕೂತಳು.

ಮಧ್ಯಾಹ್ನ ಶಾಲೆ ಬಿಟ್ಟಾಗ ಉಮ್ಮ ಗೇಟಿನ ಹತ್ತಿರ ನಿಂತಿದ್ದಳು. ಅಜ್ಜಿಯ ಮಾತ್ರೆ ತರಲು ಪೇಟೆಗೆ ಬಂದಿದ್ದಳಂತೆ. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ಇಬ್ಬರೂ ಹೈವೇ ಕಡೆಗೆ ನಡೆದರು.

“ಹೇಗಾಯ್ತು?”

“ಬಾಗುಸ್,” ಎಂದಳು ರಿಝ್ವಾನಾ.

ಉಮ್ಮ ನಕ್ಕಳು. “ಎಂತ ಕೇಳಿದರು?”

“ಪೈಪ್ ಬಗ್ಗೆ. ಮಂಜಿನ ಬಗ್ಗೆ. ಮತ್ತೆ, ನೀವು ಇಲ್ಲಿಗೆ ಯಾಕೆ ಬಂದದ್ದು ಅಂತ.”

“ನೀನು ಎಂತ ಹೇಳಿದೆ?”

“ಕೇಳಿ ಹೇಳ್ತೇನೆ ಅಂದೆ.”

ರಸ್ತೆ ದಾಟಲು ನಿಂತರು. ಉಡುಪಿ ಕಡೆಯಿಂದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಉಮ್ಮ ಅವುಗಳನ್ನೇ ನೋಡುತ್ತಾ, “ಬಂದದ್ದು ನಿನ್ನ ಅಬ್ಬ ಹೇಳಿದರು ಅಂತ,” ಎಂದಳು. “ಇಲ್ಲಿಯೇ ಉಳಿದದ್ದು...”

ಆಗ ಒಂದು ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆಯುತ್ತಾ ಬದಿಗೇ ಬಂತು. ಉಮ್ಮ ರಿಝ್ವಾನಾಳ ಮಣಿಕಟ್ಟು ಹಿಡಿದು ಹಿಂದಕ್ಕೆಳೆದಳು. ಬಸ್ಸು ಹೋಯಿತು, ಧೂಳು ಇಳಿಯಿತು, ರಸ್ತೆ ಖಾಲಿಯಾಯಿತು. ಉಮ್ಮ ಕೈ ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ರಸ್ತೆ ದಾಟಿಸಿದಳು.

ರಿಝ್ವಾನಾ ಈಗ ದೊಡ್ಡವಳು, ಶಾಲೆಯವರು ನೋಡುವಲ್ಲಿ ಯಾರೂ ತನ್ನ ಕೈ ಹಿಡಿಯಬಾರದು ಎನ್ನುವವಳು. ಶ್ರೇಯಾ ಬಸ್‌ಸ್ಟಾಪಿನಲ್ಲಿ ನಿಂತು ನೋಡುತ್ತಿದ್ದಳು. ಆದರೂ ಅವಳು ಕೈಯನ್ನು ಮನೆಯವರೆಗೆ ಉಮ್ಮನ ಕೈಯಲ್ಲೇ ಬಿಟ್ಟಳು. ಉಳಿದ ಅರ್ಧ ಮಾತು ಏನೆಂದು ಕೇಳಬೇಕು ಎಂದು ಅನಿಸಲಿಲ್ಲ.